ಬಿಟ್ಟಿ ರಸ್ತೆಯ ಬೆಲೆ

ವಾಹನ ದಟ್ಟಣೆಗೆ ಬೆಂಗಳೂರಿಗೆ ಗೊತ್ತಿರುವ ಮದ್ದು ಒಂದೇ: ಇನ್ನಷ್ಟು ರಸ್ತೆ. ಹೆಬ್ಬಾಳದಲ್ಲಿ ಮೇಲ್ಸೇತುವೆ ಕಟ್ಟಿದ್ದಾಯಿತು, ಸಾಲದೆ ಲೂಪ್ ಸೇರಿಸಿದ್ದಾಯಿತು; ಈಗ ಅಲ್ಲಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ಕೊರೆಯುವ ಮಾತು. ಅಮೆರಿಕದ ನಗರಗಳ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಹೇಳಿದ್ದು ಬೇರೆ: ಹೆದ್ದಾರಿ ಎಷ್ಟು ಪಾಲು ಹೆಚ್ಚುತ್ತದೋ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ರಸ್ತೆ ಸಲೀಸಾಗಿದೆ ಎಂದು ಗೊತ್ತಾದದ್ದೇ ತಡ, ಬಸ್ಸಿಗೆ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ಏಳಕ್ಕೇ ಹೊರಡುತ್ತಿದ್ದವರು ಒಂಬತ್ತಕ್ಕೆ ಹೊರಡುತ್ತಾರೆ, ಊರಾಚೆ ಸೈಟು ಕೊಳ್ಳುವವರಿಗೂ ಧೈರ್ಯ ಬರುತ್ತದೆ.

ರಸ್ತೆ ಬಿಟ್ಟಿಯಾಗಿರುವುದೇ ಇದಕ್ಕೆ ಕಾರಣ. ಮಲ್ಲೇಶ್ವರದ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು ನೋಡಿ. ದರ್ಜಿ ತನ್ನ ಪುಟ್ಟ ಮಳಿಗೆಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟುತ್ತಾನೆ. ಅವನ ಬಾಗಿಲೆದುರು ಕವರು ಹೊದ್ದು ನಿಂತ ಕಾರು ಅಷ್ಟೇ ಜಾಗವನ್ನು ವಾರಗಟ್ಟಲೆ ಪುಕ್ಕಟೆಯಾಗಿ ಹಿಡಿದಿರುತ್ತದೆ. ದುಡ್ಡಿನಲ್ಲಿ ತೆರದ ಬೆಲೆಯನ್ನು ಎಲ್ಲರೂ ಹೊತ್ತಿನಲ್ಲಿ ತೆರುತ್ತೇವೆ. ಮೂರು ಕಾರುಗಳ ಹಿಂದೆ ಸಿಕ್ಕಿಕೊಂಡ ಬಿಎಂಟಿಸಿ ಬಸ್ಸಿನ ಐವತ್ತು ಜನ ಉಳಿದವರಿಗಿಂತ ಹೆಚ್ಚೇ ತೆರುತ್ತಾರೆ.

ದಟ್ಟಣೆಯ ಹೊತ್ತಿನ ರಸ್ತೆಗೆ ಬೆಲೆ ಕಟ್ಟಿ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರೀ ದಶಕಗಳ ಕಾಲ ವಾದಿಸಿದರು. 1996ರಲ್ಲಿ ನೊಬೆಲ್ ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು. ಸಿಂಗಪುರ 1975ರಲ್ಲೇ ಆ ದಾರಿ ಹಿಡಿದಿತ್ತು. ವಿಕ್ರೀಯವರ ನ್ಯೂಯಾರ್ಕಿಗೆ 2025 ಬೇಕಾಯಿತು.

ನಾವು ನೋಡಿ ಕಲಿಯಬೇಕಾದದ್ದು ಸ್ಟಾಕ್‌ಹೋಮ್‌ನಿಂದ. 2006ರ ಜನವರಿಯಿಂದ ಏಳು ತಿಂಗಳು ಅಲ್ಲಿ ಇಂಥ ಶುಲ್ಕದ ಪ್ರಯೋಗ ನಡೆಯಿತು. ನಗರಕೇಂದ್ರದ ಗಡಿ ದಾಟುವ ವಾಹನಗಳು ಸುಮಾರು ಐದರಲ್ಲೊಂದು ಪಾಲು ಇಳಿದವು. ಮೊದಲು ಮೂಗು ಮುರಿದಿದ್ದ ನಗರದ ಜನರೇ ಸೆಪ್ಟೆಂಬರಿನ ಜನಮತದಲ್ಲಿ ಶುಲ್ಕವನ್ನು ಒಪ್ಪಿದರು. ಈ ಕಥೆಯನ್ನು ಹುರುಪಿನಿಂದ ಹೇಳುವವರು ಒಂದು ವಿವರ ಮರೆಯುತ್ತಾರೆ: ಹೆಚ್ಚುವರಿ ಬಸ್ಸುಗಳು 2005ರ ಆಗಸ್ಟಿನಲ್ಲೇ, ಶುಲ್ಕಕ್ಕೆ ತಿಂಗಳುಗಳ ಮೊದಲೇ, ಓಡತೊಡಗಿದ್ದವು.

ಶುಲ್ಕ ಬಡವರ ಹೊಟ್ಟೆಗೆ ಹೊಡೆಯುತ್ತದೆ ಎಂಬ ಆಕ್ಷೇಪಕ್ಕೆ ಕಾರಿನ ಮಟ್ಟಿಗೆ ಹುರುಳಿಲ್ಲ (ಕಾರಿನಲ್ಲಿ ಕೂತವರೇ ಅದನ್ನು ಎತ್ತುವುದು ತಮಾಷೆ). ದ್ವಿಚಕ್ರ ವಾಹನದ ಮಟ್ಟಿಗೆ ಅದು ಗಟ್ಟಿ ಆಕ್ಷೇಪ. ಪ್ಲಂಬರಿಗೂ ಡೆಲಿವರಿ ಹುಡುಗನಿಗೂ ಸ್ಕೂಟರೇ ಅನ್ನ, ಅವರನ್ನು ಶುಲ್ಕದಿಂದ ಹೊರಗಿಡಲೇಬೇಕು. ಉಳಿದಂತೆ, ಸ್ಟಾಕ್‌ಹೋಮ್‌ನ ಹಾಗೆ ಮೊದಲು ಬಸ್ಸು ಮತ್ತು ಅದಕ್ಕೆ ಪ್ರತ್ಯೇಕ ಪಥ. ಆಮೇಲೆ ರಸ್ತೆಬದಿ ಕಾರು ನಿಲ್ಲಿಸುವುದಕ್ಕೆ ಗಂಟೆ ಲೆಕ್ಕದ ಶುಲ್ಕ. ಆ ದುಡ್ಡು ಅದೇ ವಾರ್ಡಿನ ಫುಟ್‌ಪಾತಿಗೆ. ನಗರದೊಳಗೆ ಬರುವುದಕ್ಕೆ ಶುಲ್ಕದ ಮಾತು ಇವೆರಡೂ ನಡೆದು ತೋರಿಸಿದ ಮೇಲೆ. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ ಪಥ ಮಾಡಿಯೇ ಇದ್ದರು. ಮೆಟ್ರೊ ಕಾಮಗಾರಿ ಬಂದಾಗ ಅದನ್ನು ಬಿಟ್ಟುಕೊಟ್ಟರು; ಕಾರುಗಳ ಪಥಕ್ಕೆ ಆ ಗತಿ ಬರಲಿಲ್ಲ.