ನೀರು ಅಂದ್ರೆ ಯಾವ ನೀರು ಸ್ವಾಮೀ?

ಐವತ್ತು ವರ್ಷ ದಾಟಿದರೂ ಅಮೆರಿಕಾದ ಕಾಂಗ್ರೆಸ್ಸಿಗೆ ಒಂದು ಸರಳ ಪ್ರಶ್ನೆಗೆ ಉತ್ತರ ಕೊಡಲಾಗಿಲ್ಲ. ಮಾಲಿನ್ಯದಿಂದ ಕಾಪಾಡಬೇಕಾದ ನೀರು ಯಾವುದು?

1969ರಲ್ಲಿ ಓಹಾಯೋದ ಕ್ಯುಯಹೋಗಾ ನದಿಗೆ ಬೆಂಕಿ ಬಿತ್ತು. ಹೌದು, ನದಿಗೇ ಬೆಂಕಿ! ಅಂಥ ಕಾಲದಲ್ಲಿ, 1972ರಲ್ಲಿ, ಕ್ಲೀನ್ ವಾಟರ್ ಆಕ್ಟ್ ಬಂತು. ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದರೂ ಕಾಂಗ್ರೆಸ್ ಜಗ್ಗದೆ ಪಾಸು ಮಾಡಿತು. ಇಷ್ಟೆಲ್ಲ ಮಾಡಿದವರು ಪದ ಆರಿಸುವಾಗ ಮಾತ್ರ ಎಡವಿದರು. ಕಾಯಿದೆ 'ಹಡಗು-ದೋಣಿ ಸಂಚರಿಸಬಲ್ಲ ನೀರಿಗೆ' ಅಂತ ಬರೆದರು. ಹಾಗಂದ್ರೆ ಏನು ಅಂದ್ರೆ 'ಅಮೆರಿಕಾದ ನೀರು' ಅಂದುಬಿಟ್ಟರು!

ಮುಗೀತಲ್ಲ, ವಕೀಲರಿಗೆ ಹಬ್ಬ.

2006ರ ರಪಾನೋಸ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಒಂದೇ ವ್ಯಾಖ್ಯೆಗೆ ಒಪ್ಪಲಿಲ್ಲ. 'ಸಂಚರಿಸಬಲ್ಲ' ಅನ್ನೋ ಪದವನ್ನೇ ತೆಗೆದುಹಾಕೋಣ ಅಂತ 2007ರಲ್ಲಿ ಮಸೂದೆ ಬಂತು, ಪಾಸಾಗಲಿಲ್ಲ. ಆಮೇಲೆ 2015ರಲ್ಲಿ ಒಬಾಮಾ ಒಂದು ನಿಯಮ ತಂದರು, 2020ರಲ್ಲಿ ಟ್ರಂಪ್ ಇನ್ನೊಂದು, 2023ರಲ್ಲಿ ಬೈಡನ್ ಮತ್ತೊಂದು. ಆಗ ಕಾಂಗ್ರೆಸ್ ಮಾಡಿದ್ದೇನು ಗೊತ್ತೇ? ತಾನೊಂದು ವ್ಯಾಖ್ಯೆ ಬರೆಯಲಿಲ್ಲ, ಬೈಡನ್ ನಿಯಮ ಬೇಡ ಅಂತ ಗೊತ್ತುವಳಿ ಮಾಡಿತು. ಬೈಡನ್ ಅದಕ್ಕೆ ವೀಟೋ ಹಾಕಿದರು.

ಅದೇ ವರ್ಷ ಮೇ ತಿಂಗಳಲ್ಲಿ ಸ್ಯಾಕೆಟ್ ತೀರ್ಪು ಬಂತು. ಜೌಗು ಭೂಮಿಗೆ ರಕ್ಷಣೆ ಬೇಕಾದರೆ, ಅದರ ನೀರು ಮೇಲ್ಮೈಯಲ್ಲೇ ನದಿ-ಕೆರೆಗೆ ಎಡೆಬಿಡದೆ ಕೂಡಿಕೊಂಡಿರಬೇಕಂತೆ. ನೆಲದೊಳಗೆ ಜಿನುಗಿ ಸೇರಿದರೆ ಲೆಕ್ಕಕ್ಕಿಲ್ಲ! ಟ್ರಂಪ್ ನೇಮಿಸಿದ ನ್ಯಾಯಾಧೀಶ ಕವನಾ ಅವರೇ ಈ ಅಳತೆಗೋಲನ್ನು ಒಪ್ಪಲಿಲ್ಲ. ಮಿಸಿಸಿಪಿ ನದಿಯ ದಂಡೆಗೆ ಪ್ರವಾಹ ತಡೆಯಲು ಏರಿ ಕಟ್ಟಿದ್ದಾರಲ್ಲ, ಅದರಾಚೆಯ ಜೌಗು ನದಿಗೆ ಸಂಬಂಧಪಟ್ಟಿದ್ದಲ್ಲವೇ ಅನ್ನೋದು ಅವರ ತಕರಾರು. 1977ರ ತಿದ್ದುಪಡಿಯಲ್ಲಿ ಕಾಂಗ್ರೆಸ್ಸೇ 'ಪಕ್ಕದ ಜೌಗು' ಅಂದಿತ್ತು. ಪಕ್ಕದ ಮನೆ ಅಂದ್ರೆ ಗೋಡೆಗೆ ಗೋಡೆ ಅಂಟಿರಲೇಬೇಕಾ?

ಸ್ಯಾಕೆಟ್ ದಂಪತಿಯ ಸಂಕಟ ಸುಳ್ಳು ಅಂತ ನಾನು ಹೇಳೋದಿಲ್ಲ. ಇಡಾಹೋದಲ್ಲಿ ಮನೆ ಕಟ್ಟಲು ಮಣ್ಣು ತುಂಬಿಸಿದವರಿಗೆ ದಿನಕ್ಕೆ 40,000 ಡಾಲರ್ ಮೀರಿದ ದಂಡದ ಬೆದರಿಕೆ ಬಂದರೆ ಯಾರಿಗಾದರೂ ಸಿಟ್ಟು ಬರುತ್ತೆ. ಅದಕ್ಕೆ ಮದ್ದು ಸಣ್ಣವರಿಗೆ ದಂಡ ಇಳಿಸೋದು, ಬೇಗ ಉತ್ತರ ಕೊಡೋದು, ಸ್ಪಷ್ಟ ನಕ್ಷೆ ಮಾಡೋದು. ಇಡೀ ದೇಶದ ಜೌಗನ್ನು ಕೈಬಿಡೋದಲ್ಲ. ನೆಗಡಿಯಾಯ್ತು ಅಂತ ಮೂಗು ಕೊಯ್ಯೋದೇ? ಇನ್ನು ರೈತರ ಹೆಸರು ಹೇಳಿ ಅಳುವವರಿಗೆ ಒಂದು ಮಾತು. ಎಂದಿನ ಉಳುಮೆ-ಬಿತ್ತನೆಗೆ ಕಾಯಿದೆಯಲ್ಲೇ 1977ರಿಂದ ವಿನಾಯಿತಿ ಇದೆ.

ರಾಜ್ಯಗಳು ನೋಡಿಕೊಳ್ಳಲಿ ಅಂತೀರಾ? ಕೇಂದ್ರಕ್ಕಿಂತ ಬಿಗಿ ನಿಯಮ ಮಾಡಕೂಡದು ಅಂತ ಹಲವು ರಾಜ್ಯಗಳು ತಮ್ಮ ಕೈ ತಾವೇ ಕಟ್ಟಿಕೊಂಡಿವೆ. ಮೇಲಿನ ರಾಜ್ಯ ಜೌಗು ಮುಚ್ಚಿದರೆ ನೆರೆ ಬರೋದು ಕೆಳಗಿನ ರಾಜ್ಯಕ್ಕೆ. ಕೆಳಗಿನವರು ಮೇಲಿನವರಿಗೆ ಓಟು ಹಾಕೋಕಾಗುತ್ತಾ? ಕೇಂದ್ರದ ಕಾಯಿದೆ ಬೇಕಾಗಿರೋದೇ ಅದಕ್ಕೆ.

ಅರಿಜೋನಾದಂಥ ಒಣನಾಡಿನಲ್ಲಿ ಬಹುಪಾಲು ತೊರೆಗಳು ಮಳೆ ಬಂದಾಗ ಮಾತ್ರ ಹರಿಯೋದು. ಅವನ್ನೂ, ನದಿಗೆ ನೆಲದಡಿ ಕೂಡುವ ಜೌಗನ್ನೂ ಹೆಸರು ಹಿಡಿದು ಕಾಯಿದೆಯಲ್ಲಿ ಬರೆಯಲಿ. 'ಸಂಚರಿಸಬಲ್ಲ' ಅನ್ನೋ ಪದ ಕಿತ್ತು ಹಾಕಲಿ. ಬರೆಯೋಕೆ ಧೈರ್ಯವಿಲ್ಲದ ಶಾಸಕರು ಕೋರ್ಟನ್ನೂ ಅಧ್ಯಕ್ಷರನ್ನೂ ಬೈಯೋದು ಬಿಡಲಿ.

ನೀವೇನಂತೀರಿ?