ತೊಟ್ಟಿಲು ಇಳಿಸುವ ದಿನ

ಕಳೆದ ಶನಿವಾರ ಬೆಳಗ್ಗೆ ಅತ್ತೆಯ ಫೋನು. ವಾರದ ಕೆಲಸದ ದಣಿವು, ನಾನಿನ್ನೂ ಹಾಸಿಗೆಯಲ್ಲೇ ಇದ್ದೆ.

"ಏನ್ವಾ, ಎದ್ದೀಯೇನು? ಆಚಿ ಓಣಿ ಗೌಡ್ರ ಮಗಳು ಹಡದಾಳ. ಹೆಣ್ಣಮಗು. ಬರೂ ವಾರ ತೊಟ್ಟಲದಾಗ ಹಾಕ್ತಾರಂತ. ತೊಟ್ಟಲ ಕೇಳಾಕ ಬಂದಿದ್ರು. ನೀವಿಬ್ರೂ ಬಂದ್ರ ಅಟ್ಟದಿಂದ ಇಳಸೂಣು."

"ಬರ್ತೀವ್ರಿ ಅತ್ತಿ" ಅಂದೆ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ಕೂತಿದ್ದೆ.

ಅದು ಕಲಘಟಗಿ ತೊಟ್ಟಿಲು. ನಮ್ಮ ಧಾರವಾಡ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಎಷ್ಟು ವರ್ಷವಾದರೂ ಮಾಸದ ಕೆಂಪು ಹಳದಿ. ನನ್ನ ಗಂಡ ಹುಟ್ಟಿದಾಗ ಅತ್ತೆಯ ತವರುಮನೆಯವರು ಮಾಡಿಸಿ ಕೊಟ್ಟಿದ್ದು. ನವಲಗುಂದ ತಾಲೂಕಿನ ಆ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅದು ಅಟ್ಟದಿಂದ ಇಳಿಯುತ್ತದೆ. ಗೌಡರ ಮನೆ, ಸಾಬರ ಮನೆ, ನಮ್ಮ ಸಭೆಯವರ ಮನೆ, ಭೇದವಿಲ್ಲ. ಮೂರು ತಿಂಗಳೋ ಆರು ತಿಂಗಳೋ ಕಳೆದ ಮೇಲೆ ವಾಪಸ್ ಬರುತ್ತದೆ.

ನನ್ನ ಮದುವೆಯಾಗಿ ಏಳು ವರ್ಷ. ಈ ಏಳು ವರ್ಷದಲ್ಲಿ ಆ ತೊಟ್ಟಿಲು ಐದು ಸಲ ಇಳಿದಿದೆ. ನಮ್ಮ ಮನೆಗಾಗಿ ಒಮ್ಮೆಯೂ ಅಲ್ಲ.

ಈ ಅಂಕಣದಲ್ಲಿ ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ನಿಮ್ಮಲ್ಲಿ ಎಷ್ಟೋ ಜನ ಏನನ್ನಾದರೂ ಕಾಯುತ್ತಿದ್ದೀರಿ. ಕೆಲಸದ ಆದೇಶ, ವೀಸಾ, ಸಂಬಂಧ, ಅಪ್ಪನ ಆರೋಗ್ಯ. ನನ್ನ ಕಾಯುವಿಕೆ ಮಗುವಿನದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಬಂಜೆತನದ ಸಮಸ್ಯೆ ಎದುರಿಸುತ್ತಾರೆ. ಆಫೀಸಿನಲ್ಲಿ ನಿಮ್ಮ ಸಾಲಿನಲ್ಲೇ ಒಬ್ಬರಿರಬಹುದು. ಅವರು ಹೇಳಿರುವುದಿಲ್ಲ ಅಷ್ಟೇ.

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದವಳು. ಚಿಕ್ಕಂದಿನಿಂದ ಕೇಳಿದ ಒಂದು ಮಾತು, ಎಲ್ಲದಕ್ಕೂ ಸ್ತೋತ್ರ ಹೇಳಬೇಕು. ಮೊದಲ ಎರಡು ವರ್ಷ ಹಾಗೇ ಹೇಳಿದೆ. ಆದರೆ ಒಳಗೊಳಗೇ ಅದೊಂದು ವ್ಯವಹಾರವಾಗಿತ್ತು. ನಾನು ಸ್ತೋತ್ರ ಹೇಳ್ತೀನಿ, ನೀನು ಮಗು ಕೊಡು ಅಂತ. ಮೂರನೇ ವರ್ಷ ಒಂದು ಗರ್ಭ ನಿಂತು ಒಂಬತ್ತನೇ ವಾರಕ್ಕೆ ಹೋಯಿತು. ಆಮೇಲೆ ಪ್ರಾರ್ಥನೆಗೆ ಕೂತರೆ ಬಾಯಿ ಬರುತ್ತಿರಲಿಲ್ಲ. ಸಭೆಯಲ್ಲಿ ಹಿರಿಯರು ಕೈ ಹಿಡಿದು, "ಎಲ್ಲಾಕ್ಕೂ ದೇವರ ಟೈಮ್ ಇರ್ತೈತವಾ" ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಎಷ್ಟೋ ಭಾನುವಾರ ತಲೆನೋವು ಅಂತ ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ನನ್ನನ್ನು ಬದಲಿಸಿದ್ದು ಯಾವ ಪ್ರಸಂಗವೂ ಅಲ್ಲ. ಒಂದು ಸೇರು ಕಡಲೆ.

2023 ನಿಮಗೆ ನೆನಪಿರಬಹುದು. ಆ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ಮಾವನವರ ಎರೆ ಹೊಲದಲ್ಲಿ ಮುಂಗಾರಿನ ಹೆಸರು ಮೊಣಕಾಲೆತ್ತರವೂ ಬರದೆ ಒಣಗಿತು. ಹಿಂಗಾರಿಗಾದರೂ ಕಡಲೆ ಬಿತ್ತೋಣ ಅಂತ ಕಾದರು. ಎರೆ ಮಣ್ಣಿನಲ್ಲಿ ಹಸಿ ಇಲ್ಲದೆ ಕಡಲೆ ಬಿತ್ತಿದರೆ ಬೀಜವೂ ಹೋಯಿತು, ಕೂಲಿಯೂ ಹೋಯಿತು. ಅಕ್ಟೋಬರ್ ಮುಗಿಯಿತು. ಮನೆಯಲ್ಲೇ ಆರಿಸಿಟ್ಟಿದ್ದ ಬೀಜದ ಕಡಲೆ ಚೀಲದಲ್ಲೇ ಉಳಿಯಿತು.

ನವೆಂಬರಿನಲ್ಲಿ ಸಭೆಯ ಸುಗ್ಗಿ ಹಬ್ಬ. ಬೇರೆಡೆಯವರಿಗಾಗಿ ಹೇಳುತ್ತೇನೆ: ಅವತ್ತು ಪ್ರತಿ ಮನೆಯವರೂ ತಮ್ಮ ಬೆಳೆಯ ಪಾಲನ್ನು ಆರಾಧನೆಗೆ ತಂದು ಮುಂದೆ ಇಡುತ್ತಾರೆ. ಜೋಳದ ತೆನೆ, ಉಳ್ಳಾಗಡ್ಡಿ, ಕುಂಬಳಕಾಯಿ, ಕೋಳಿ, ತತ್ತಿ, ಮಾಡಿದ ರೊಟ್ಟಿ. ಆರಾಧನೆ ಮುಗಿದ ಮೇಲೆ ಸವಾಲು ಹಾಕುತ್ತಾರೆ, ಬಂದ ಹಣ ಸಭೆಗೆ. ಆ ವರ್ಷ ಹಬ್ಬ ಮಾಡಬೇಕೋ ಬೇಡವೋ ಅಂತಲೇ ಮಾತಾಗಿತ್ತು. ಮಾಡೋಣ ಅಂದವರಲ್ಲಿ ಮಾವನವರೂ ಒಬ್ಬರು. ನನಗೆ ಸಿಟ್ಟು ಬಂದಿತ್ತು. ಏನು ಇಡ್ತಾರೆ ಇವರು? ಖಾಲಿ ಚೀಲವನ್ನಾ?

ಅವರು ಇಟ್ಟಿದ್ದು ಆ ಬೀಜದ ಕಡಲೆ. ಒಂದು ಸೇರು ಅಳೆದು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ಮನೆಗೆ ಬಂದ ಮೇಲೆ ತಡೆಯಲಾರದೆ ಕೇಳಿಬಿಟ್ಟೆ, "ಮಾವಾರ, ಬೆಳೀನ ಬಂದಿಲ್ಲಲ್ರಿ. ಇದು ಯಾವುದರ ಸ್ತೋತ್ರರಿ?"

ಅವರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತಾ ಹೇಳಿದರು. "ಬೆಳಿ ಬಂದಿಲ್ಲ, ಖರೇ. ನಾ ಏನ್ ಬಂದೈತಿ ಅಂತ ಸುಳ್ಳ ಹೇಳಾಕ ಹೋಗಿಲ್ಲವಾ. ಬೀಜ ಉಳದೈತಿ. ಉಳದದ್ದು ಎಷ್ಟೈತಿ, ಅಷ್ಟಕ್ಕ ಹೇಳಿ ಬಂದೆ."

ಅಷ್ಟೇ ಮಾತು. ಊಟಕ್ಕೆ ಕೂತರು.

ಹುಬ್ಬಳ್ಳಿಗೆ ವಾಪಸಾಗುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಅವರು ಬರಕ್ಕೆ ಸ್ತೋತ್ರ ಹೇಳಿರಲಿಲ್ಲ. ಬರ ಒಳ್ಳೆಯದಕ್ಕೇ ಬಂತು ಅಂತಲೂ ಹೇಳಿರಲಿಲ್ಲ. ಮುಂದಿನ ವರ್ಷ ಮಳೆ ಬರಲಿ ಅಂತ ಮುಂಗಡ ಕಟ್ಟಿರಲೂ ಇಲ್ಲ. ಇರುವುದನ್ನು ಅಳೆದು ನೋಡಿ, ಇದೆ ಅಂದಿದ್ದರು. ನಾನು ಅಷ್ಟೂ ವರ್ಷ ಇಲ್ಲದ್ದನ್ನೇ ಅಳೆಯುತ್ತಾ ಬಂದಿದ್ದೆ.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಒಂದು ಪದ ಇದೆ, ಉಪಕಾರಸ್ತುತಿ. ಆಡುಮಾತಿನಲ್ಲಿ ಈಗ ಯಾರೂ ಬಳಸುವುದಿಲ್ಲ. ಆಗಿರುವ ಉಪಕಾರವನ್ನು ಹೆಸರು ಹಿಡಿದು ಹೇಳುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆಗದೇ ಇರುವುದನ್ನು ಆಗಿದೆ ಅಂತ ನಟಿಸುವುದು ಅದರಲ್ಲಿಲ್ಲ.

ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಕಾಯುವವರಿಗೆ ಉದಾಹರಣೆಯಾಗಿ ಬರುವುದು ಒಬ್ಬ ರೈತ. ಅವನು ಎರಡು ಮಳೆಗಳಿಗಾಗಿ ತಾಳ್ಮೆಯಿಂದ ಕಾಯುತ್ತಾನೆ. ಕನ್ನಡ ಅನುವಾದದಲ್ಲಿ ಆ ಮಳೆಗಳ ಹೆಸರು ಮುಂಗಾರು, ಹಿಂಗಾರು. ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಇದಕ್ಕೆ ವಿವರಣೆ ಬೇಕಿಲ್ಲ. ಮೊದಲೆಲ್ಲ ಈ ಮಾತು ಓದಿದಾಗ ರೈತ ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಿರುವ ಚಿತ್ರ ಬರುತ್ತಿತ್ತು. ಮಾವನವರನ್ನು ನೋಡಿದ ಮೇಲೆ ಬೇರೆ ಚಿತ್ರ. ಮಳೆ ಇಲ್ಲದ ದಿನಗಳಲ್ಲೂ ಅವರು ಹೊಲಕ್ಕೆ ಹೋಗಿ ಕುಂಟೆ ಹೊಡೆಯುತ್ತಾರೆ. ಎರೆ ಭೂಮಿ ಒಣಗಿದರೆ ಬಿರುಕು ಬಿಡುತ್ತದೆ, ಉಳಿದ ಹಸಿಯೂ ಆ ಬಿರುಕಿನಿಂದ ಹಾರಿಹೋಗುತ್ತದೆ. ಕುಂಟೆ ಹೊಡೆದರೆ ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ, ಕಸವೂ ಹೋಗುತ್ತದೆ. ಮಳೆ ತರಿಸುವುದು ಅವರ ಕೈಯಲ್ಲಿಲ್ಲ. ಇರುವ ಹಸಿ ಉಳಿಸಿಕೊಳ್ಳುವುದು ಕೈಯಲ್ಲಿದೆ.

ಕೃತಜ್ಞತೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ತಿಳಿಯಬೇಡಿ. ನಮ್ಮ ಭಾಗದ ಜನ ಕಳಸಾ-ಬಂಡೂರಿ ನೀರಿಗಾಗಿ ದಶಕಗಳಿಂದ ಕಾಯುತ್ತಿದ್ದಾರೆ. 2010ರಲ್ಲಿ ಮಹದಾಯಿ ನ್ಯಾಯಮಂಡಳಿ ರಚನೆಯಾಯಿತು. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು, ನವಲಗುಂದವೂ ಜೊತೆಗೂಡಿತು. 2018ರ ಆಗಸ್ಟ್ 14ಕ್ಕೆ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ ಅಡಿ, ಅದರಲ್ಲಿ ಕಳಸಾ-ಬಂಡೂರಿಗೆ 3.90. 2020ರ ಫೆಬ್ರುವರಿಯಲ್ಲಿ ಅಧಿಸೂಚನೆಯೂ ಹೊರಬಿತ್ತು. ನೀರು ಇನ್ನೂ ಬಂದಿಲ್ಲ. ಸುಗ್ಗಿ ಹಬ್ಬಕ್ಕೆ ಕಡಲೆ ಒಯ್ದ ಅದೇ ಮಾವ ಧರಣಿಗೂ ಹೋಗಿ ಕೂತು ಬಂದವರು. ಅವರಿಗೆ ಇವೆರಡರ ನಡುವೆ ಜಗಳ ಕಾಣುವುದಿಲ್ಲ.

ಬೈಬಲಿನ ಹನ್ನಳ ಕಥೆ ಮತ್ತೆ ಓದಿದಾಗಲೂ ಇದೇ ಕಂಡಿತು. ಮಕ್ಕಳಿಲ್ಲದ ಆಕೆ ಶಿಲೋವಿನ ದೇವಾಲಯದಲ್ಲಿ ಬಹಳ ಅತ್ತು ಪ್ರಾರ್ಥಿಸಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಕೇಳುತ್ತಿರಲಿಲ್ಲ, ಅದಕ್ಕೇ ಯಾಜಕ ಏಲಿ ಆಕೆಯನ್ನು ಕುಡಿದವಳು ಅಂದುಕೊಂಡ. ಆಕೆ ತನ್ನ ದುಃಖವನ್ನು ಮುಚ್ಚಿಡಲಿಲ್ಲ. ನಾನು ಹಿಂದೆ ಗಮನಿಸದೇ ಇದ್ದ ಒಂದು ಸಣ್ಣ ವಿಷಯವೂ ಅಲ್ಲಿದೆ. ಪ್ರಾರ್ಥನೆ ಮುಗಿಸಿ ಹೋದವಳು ಊಟ ಮಾಡುತ್ತಾಳೆ, ಅವಳ ಮುಖ ಬದಲಾಗುತ್ತದೆ. ಸಮುವೇಲ ಹುಟ್ಟುವುದು ಆಮೇಲೆ. ಊಟ ಮಾಡಿದ ಹೊತ್ತಿಗೆ ಆಕೆಯ ಕೈಯಲ್ಲಿ ಏನೂ ಇರಲಿಲ್ಲ.

ನಮ್ಮ ಜಿಲ್ಲೆಯ ಇನ್ನೊಂದು ಹೆಸರೂ ಆಗಾಗ ನೆನಪಾಗುತ್ತದೆ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಆ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ 21ರ ಹರೆಯದಲ್ಲಿ ಭಾರತಕ್ಕೆ ಬಂದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದಿದ್ದು 1894ರಲ್ಲಿ, ಅವರಿಗೆ 62 ಆಗಿದ್ದಾಗ. ಸುಮಾರು 70,000 ಪದಗಳು. ಒಂದೊಂದೇ ಪದ ಕೂಡಿಸಿಕೊಂಡು ಹೋಗದೆ ಅದು ಆಗುವ ಕೆಲಸವಲ್ಲ. ನನ್ನ ಫೋನಿನ ಪುಟ್ಟ ಪಟ್ಟಿಗೆ ಅದು ಹೋಲಿಕೆಯಲ್ಲ, ಧೈರ್ಯಕ್ಕೆ ನೆನೆಯುತ್ತೇನೆ ಅಷ್ಟೇ.

ಹೌದು, ಒಂದು ಪಟ್ಟಿ ಇಟ್ಟಿದ್ದೇನೆ. ದಿನಾ ರಾತ್ರಿ ಫೋನಿನಲ್ಲಿ ಒಂದೇ ಸಾಲು. "ಆರೋಗ್ಯ, ಕುಟುಂಬ, ಕೆಲಸ" ಅಂತ ಬರೆಯುವುದಿಲ್ಲ, ಅವು ಮೂರೇ ದಿನಕ್ಕೆ ಸವೆದುಹೋಗುತ್ತವೆ. ಆ ದಿನ ನಿಜವಾಗಿ ನಡೆದದ್ದನ್ನು ಬರೆಯುತ್ತೇನೆ. "ರಕ್ತ ತೆಗೆಯುವ ಹುಡುಗಿ ಇವತ್ತು ಮೊದಲ ಸಲಕ್ಕೇ ನರ ಹುಡುಕಿದಳು." "ಅತ್ತೆ ಏನೂ ಕೇಳದೆ ಶೇಂಗಾ ಚಟ್ನಿ ಕಳಿಸಿದ್ದಾರೆ." "ರಿಪೋರ್ಟ್ ನೋಡಿ ಇವರು ಅತ್ತರು, ಇಬ್ಬರೂ ಕೂಡಿ ಅತ್ತೆವು." ಸಿಟ್ಟು ಬಂದ ದಿನ ಸಿಟ್ಟನ್ನೂ ಅದೇ ಪಟ್ಟಿಯಲ್ಲಿ, ದೇವರಿಗೇ ಹೇಳಿದ ಹಾಗೆ ಬರೆಯುತ್ತೇನೆ. ಬರೆಯದ ದಿನಗಳೂ ಬೇಕಾದಷ್ಟಿವೆ. ಬಿಟ್ಟುಹೋದುದಕ್ಕೆ ಬೈದುಕೊಳ್ಳದೆ ಮರುದಿನದಿಂದ ಮತ್ತೆ ಶುರು.

ಇನ್ನೊಂದು, ಆಗದಿದ್ದರೆ ಹೋಗುವುದಿಲ್ಲ. ಗೆಳತಿಯರ ಸೀಮಂತಕ್ಕೆ ಹೋಗಲಾಗದ ದಿನ "ಇವತ್ತು ಆಗಲ್ಲ ಕಣೇ" ಅಂತ ನಿಜವನ್ನೇ ಹೇಳುತ್ತೇನೆ. ತಲೆನೋವಿನ ನೆಪ ಬಿಟ್ಟಿದ್ದೇನೆ. ಹತ್ತಿರದ ಗೆಳತಿಯರು ಒಬ್ಬರೂ ಬೇಜಾರಾಗಿಲ್ಲ. ಕಾಯುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ನಿಮಗೊಂದು ಮಾತು: ದೇವರ ಸಮಯದ ವಿಷಯ ಅವರಿಗೆ ಗೊತ್ತಿರುತ್ತದೆ. ಚಟ್ನಿ ಕಳಿಸಿ.

ಶನಿವಾರ ಮಧ್ಯಾಹ್ನ ಊರಿಗೆ ಹೋದೆವು. ಇವರು ಅಟ್ಟ ಹತ್ತಿ ತೊಟ್ಟಿಲು ಇಳಿಸಿದರು, ನಾನು ಕೆಳಗಿನಿಂದ ಹಿಡಿದೆ. ಅಂಗಳಕ್ಕೆ ತಂದು ಒದ್ದೆ ಅರಿವೆಯಲ್ಲಿ ಒರೆಸಿದೆವು. ಧೂಳಿನ ಕೆಳಗೆ ಗಿಳಿ, ಹೂಬಳ್ಳಿ ಒಂದೊಂದಾಗಿ ಕಂಡವು. ಒರೆಸುತ್ತಾ ಒಂದು ಮೂಲೆಗೆ ಬಂದಾಗ ನನಗೆ ಅಳು ಬಂತು. ಅತ್ತೆ ನೋಡಿದರು. ಸಮಾಧಾನ ಹೇಳಲಿಲ್ಲ. ಇನ್ನೊಂದು ಅರಿವೆ ತಂದು ನನ್ನ ಪಕ್ಕದಲ್ಲೇ ಕೂತು ಆ ಕಡೆಯಿಂದ ಒರೆಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, "ಹಗ್ಗ ಹಳೇದಾತು ನೋಡ್ವಾ. ಕೂಸಿನ ಭಾರ ತಡೀಬೇಕಲ್ಲ, ಹೊಸಾದು ತರೂಣು" ಅಂದರು.

ಸಂಜೆ ಇವರೂ ನಾನೂ ಹೋಗಿ ಹೊಸ ಹಗ್ಗ ತಂದೆವು. ಗೌಡರ ಮನೆಗೆ ತೊಟ್ಟಿಲು ಮುಟ್ಟಿಸಿದಾಗ ಆ ಹುಡುಗಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಹತ್ತು ನಿಮಿಷ ಎತ್ತಿಕೊಂಡಿದ್ದೆ. ಅವತ್ತಿನ ರಾತ್ರಿಯ ಸಾಲಿಗೆ ಅದನ್ನೇ ಬರೆದೆ: "ಕೂಸು ನನ್ನ ಬೆರಳು ಹಿಡಿದಿತ್ತು. ಹಗ್ಗ ಗಟ್ಟಿಯಾಗಿದೆ."

ಮಂಗಳವಾರ ನಮಗೆ ಆಸ್ಪತ್ರೆಯ ತಾರೀಖಿದೆ. ಅರ್ಧ ದಿನ ರಜೆ ಹಾಕಿದ್ದೇನೆ.