ರೆಕಾರ್ಡಿನ ಕವರಿಗೆ ಸಿನಿಮಾ ನಟ!

ನೋಟ್‌ಬುಕ್ಕಿನ ರಟ್ಟಿಗೆ ಮೆಚ್ಚಿನ ನಟನ ಫೋಟೋ ಅಂಟಿಸಿ ಮೇಷ್ಟ್ರ ಕೈಲಿ ಬೈಸಿಕೊಂಡವರು ನಿಮ್ಮಲ್ಲಿ ಎಷ್ಟು ಮಂದಿ? ಕೈ ಎತ್ತಿ! ಹಾಗಾದರೆ ಈ ವಾರದ ಕಥಾನಾಯಕ ನಿಮ್ಮ ಜಾತಿಯವನೇ. ಊರು ಮಾತ್ರ ಇಂಗ್ಲೆಂಡಿನ ಮ್ಯಾಂಚೆಸ್ಟರ್.

1984ರ ಫೆಬ್ರವರಿಯಲ್ಲಿ ಆ ಊರಿನ ನಾಲ್ಕು ಹುಡುಗರ ತಂಡ ‘ದಿ ಸ್ಮಿತ್ಸ್’ ತನ್ನ ಮೊದಲ ಎಲ್.ಪಿ. ರೆಕಾರ್ಡು ಹೊರತಂದಿತು. ತಂಡದ ಹೆಸರೇ ರೆಕಾರ್ಡಿಗೂ. ಹತ್ತು ಹಾಡು. ಮೊದಲ ರೆಕಾರ್ಡು ಅಂದಮೇಲೆ ಕವರಿನ ಮೇಲೆ ಹಾಡಿದವರ ಮುಖ ಇರಬೇಕು ತಾನೇ? ಇಲ್ಲ ಸ್ವಾಮೀ! ಅಂಗಿಯಿಲ್ಲದೆ ತಲೆ ತಗ್ಗಿಸಿದ ಒಬ್ಬ ಯುವಕ. ಅವನು ಅಮೆರಿಕದ ನಟ ಜೋ ಡಲೆಸಾಂಡ್ರೊ. ಆಂಡಿ ವಾರ್ಹೋಲ್ ನಿರ್ಮಿಸಿದ ‘ಫ್ಲೆಶ್’ (1968) ಚಿತ್ರದ ಸ್ಟಿಲ್ಲನ್ನು ಕತ್ತರಿಸಿ ಹಾಕಿದ್ದು!

ಇದೆಲ್ಲ ಗಾಯಕ ಮಾರಿಸ್ಸಿಯ ಕೈವಾಡ. ಆಸಾಮಿ ಅಪ್ಪಟ ಸಿನಿಮಾ ಹುಚ್ಚ. ಜೇಮ್ಸ್ ಡೀನ್ ಬಗ್ಗೆ ಪುಸ್ತಕವನ್ನೇ ಬರೆದ ಅಭಿಮಾನಿ. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಇವನ ಬಾಗಿಲನ್ನು 1982ರಲ್ಲಿ ಜಾನಿ ಮಾರ್ ಎಂಬ ಹದಿನೆಂಟರ ಗಿಟಾರ್ ಹುಡುಗ ಬಂದು ತಟ್ಟಿದ. ಇವನು ಸಾಹಿತ್ಯ, ಅವನು ರಾಗ ಅಂತ ಮಾತಾಯಿತು. ಬೇಸ್ ಗಿಟಾರಿಗೆ ಆಂಡಿ ರೋರ್ಕ್, ಡ್ರಮ್ಸಿಗೆ ಮೈಕ್ ಜಾಯ್ಸ್ ಸೇರಿದರು. ಮಾರ್ ಲಂಡನ್ನಿಗೆ ಹೋಗಿ ‘ರಫ್ ಟ್ರೇಡ್’ ಎಂಬ ಸಣ್ಣ ಕಂಪನಿಯ ಜೆಫ್ ಟ್ರಾವಿಸ್‌ನನ್ನು ಅಡ್ಡಗಟ್ಟಿ ಕ್ಯಾಸೆಟ್ ಕೈಗೆ ತುರುಕಿದ. ಆ ಹಾಡು 1983ರ ಮೇನಲ್ಲಿ ಬಿಡಿ ರೆಕಾರ್ಡಾಗಿ ಬಂದೇಬಿಟ್ಟಿತು.

ಎಲ್.ಪಿ.ಯ ಕಥೆ ಅಷ್ಟು ಸಲೀಸಲ್ಲ. 1983ರ ಬೇಸಿಗೆಯಲ್ಲಿ ಟ್ರಾಯ್ ಟೇಟ್ ಎಂಬಾತನ ಮೇಲ್ವಿಚಾರಣೆಯಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಬೆವರು ಸುರಿಸಿ ಹಾಡುಗಳನ್ನೆಲ್ಲ ಮುದ್ರಿಸಿದರು. ಕೇಳಿದರೆ... ಊಹೂಂ, ಸರಿಬರಲಿಲ್ಲ! ಅಷ್ಟನ್ನೂ ಮೂಲೆಗೆಸೆದು ಜಾನ್ ಪೋರ್ಟರ್ ಎಂಬ ಇನ್ನೊಬ್ಬನ ಕೈಲಿ ಮತ್ತೆ ಮಾಡಿಸಿದರು. ಚೊಚ್ಚಲ ರೆಕಾರ್ಡಿಗೇ ಈ ಧೈರ್ಯ! ಭಲೇ ಅನ್ನಬೇಕು. ಆದರೂ ಟೇಟ್‌ನನ್ನು ನೆನೆದರೆ ನನಗೆ ಅಯ್ಯೋ ಅನ್ನಿಸುತ್ತೆ. ತಮಾಷೆ ಎಂದರೆ, ಪೋರ್ಟರ್ ಮಾಡಿದ್ದೂ ಮಾರಿಸ್ಸಿಗೆ ಪೂರ್ತಿ ಹಿಡಿಸಲಿಲ್ಲ. ಇನ್ನೂ ಒಂದು ತಿಕ್ಕಲು: ಆಗಲೇ ಜನ ಮೆಚ್ಚಿದ್ದ ‘ದಿಸ್ ಚಾರ್ಮಿಂಗ್ ಮ್ಯಾನ್’ ಹಾಡನ್ನು ಇಂಗ್ಲೆಂಡಿನ ಎಲ್.ಪಿ.ಯಲ್ಲಿ ಸೇರಿಸಲೇ ಇಲ್ಲ! ಹಾಗಿದ್ದೂ ರೆಕಾರ್ಡು ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಎಲ್ಲೆಲ್ಲೂ ಸಿಂಥಸೈಜರ್ ಹಾವಳಿ ಇದ್ದ ಕಾಲದಲ್ಲಿ ಮಾರ್‌ನ ಗಿಟಾರು ಗೆಜ್ಜೆ ಕಟ್ಟಿಕೊಂಡ ಹಾಗೆ ಕೇಳಿಸಿತು.

ನಟರ ಮುಖ ಅಂಟಿಸುವ ಚಟಕ್ಕೆ ಪೆಟ್ಟೂ ಬಿತ್ತು, ಕೇಳಿ. ಅದೇ ವರ್ಷ ಜನವರಿಯಲ್ಲಿ ಬಂದ ಬಿಡಿ ರೆಕಾರ್ಡಿನ ಕವರಿಗೆ ‘ದಿ ಕಲೆಕ್ಟರ್’ (1965) ಚಿತ್ರದ ಟೆರೆನ್ಸ್ ಸ್ಟ್ಯಾಂಪ್ ಫೋಟೋ ಹಾಕಿದ್ದರು. ಆ ಪಾತ್ರಕ್ಕೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದಿದ್ದ ಸ್ಟ್ಯಾಂಪ್, ಕೂಡದು ಅಂದುಬಿಟ್ಟ. ನಮ್ಮ ಮಾರಿಸ್ಸಿ ಏನು ಮಾಡಿದ ಗೊತ್ತೇ? ಕೈಯಲ್ಲಿ ಹಾಲಿನ ಲೋಟ ಹಿಡಿದು ಅದೇ ಭಂಗಿಯಲ್ಲಿ ತಾನೇ ನಿಂತು ಫೋಟೋ ತೆಗೆಸಿಕೊಂಡ! ಆಮೇಲೆ ಸ್ಟ್ಯಾಂಪ್ ಮನಸ್ಸು ಕರಗಿ ಹಳೇ ಕವರೇ ವಾಪಸು ಬಂತು.

ಕವರಿನ ಮೇಲೆ ನಾಲ್ವರದೂ ಮುಖ ಇರಲಿಲ್ಲ, ಅದು ಸಮಪಾಲು. ದುಡ್ಡಿನಲ್ಲಿ ಹಾಗಿರಲಿಲ್ಲ. ರಫ್ ಟ್ರೇಡ್ ಕರಾರಿಗೆ ಸಹಿ ಹಾಕಿದವರು ಮಾರಿಸ್ಸಿ ಮತ್ತು ಮಾರ್ ಇಬ್ಬರೇ. ಅವರಿಗೆ ನೂರಕ್ಕೆ ನಲವತ್ತು ನಲವತ್ತು. ರೋರ್ಕ್, ಜಾಯ್ಸ್ ಇಬ್ಬರಿಗೆ ಹತ್ತು ಹತ್ತು. 1987ರಲ್ಲಿ ತಂಡ ಒಡೆಯಿತು. ಜಾಯ್ಸ್ ಕೋರ್ಟು ಹತ್ತಿ 1996ರಲ್ಲಿ ನೂರಕ್ಕೆ ಇಪ್ಪತ್ತೈದು ಗೆದ್ದ. ಕೈಯಲ್ಲಿ ಕಾಸಿಲ್ಲದ ರೋರ್ಕ್ ಅದಕ್ಕೆ ಮೊದಲೇ 83,000 ಪೌಂಡಿಗೆ ರಾಜಿಯಾಗಿ, ಹಳೇ ಹತ್ತನ್ನೇ ಒಪ್ಪಿಕೊಂಡುಬಿಟ್ಟಿದ್ದ. 2023ರಲ್ಲಿ ಆತ ತೀರಿಕೊಂಡ.

ಈ ರೆಕಾರ್ಡು ಸಿಕ್ಕರೆ ‘ಸ್ಟಿಲ್ ಇಲ್’ ಹಾಕಿ ನೋಡಿ. ಮಾರಿಸ್ಸಿಯ ಗೋಳನ್ನು ಎರಡನೇ ಸಲ ಕೇಳಿದರಾಯಿತು. ಮೊದಲ ಸಲ ಕೆಳಗಿನಿಂದ ಓಡೋಡಿ ಬರುವ ಬೇಸ್ ಗಿಟಾರಿಗೆ ಕಿವಿ ಕೊಡಿ.